ಉಮಾಶ್ರೀಯವರನ್ನು ಸಿನಿಮಾದವರು ಹಾಳು ಮಾಡಿದರಾ?

ಹಿಂದಿನ ಸಾಲಿನವ: ನಿನ್ನೆ ಟಿವಿಯಲ್ಲಿ ಉಮಾಶ್ರೀಯವರ ಹಳೇ ಸಿನಿಮಾ ಬರುತ್ತಿತ್ತು. ಅದೇ ಡಬಲ್ ಮೀನಿಂಗ್ ಕಾಮಿಡಿ. ಹೊಟ್ಟೆ ಉರಿಯಿತು. ‘ಒಡಲಾಳ’ ನಾಟಕದ ಸಾಕವ್ವ ಇವರೇನಾ? ಕಳೆದುಹೋದ ಕೋಳಿ ಹುಡುಕಿಕೊಂಡು ಸಿಕ್ಕವರಿಗೆಲ್ಲ ಬೈಯುವ ಲೇಖಕ ದೇವನೂರ ಮಹಾದೇವರ ಆ ಮುದುಕಿಯನ್ನು ರಂಗದ ಮೇಲೆ ಬದುಕಿಸಿದವರಿಗೆ ಇಂಥ ಪಾತ್ರಗಳಾ?

ಬೆಣ್ಣೆದೋಸೆ: ಸ್ವಾಮಿ, ನಾಟಕದ ದುಡ್ಡಲ್ಲಿ ಮನೆ ಬಾಡಿಗೆ ಹುಟ್ಟುತ್ತಿತ್ತಾ? 1984ರಲ್ಲಿ ಕಾಶಿನಾಥ್ ಅವರ ಬೋಲ್ಡ್ ಸಿನಿಮಾ ‘ಅನುಭವ’ ಬಂತು, ಜನ ಗುರುತಿಸಿದರು. ಆಮೇಲೆ ಅಂಥದ್ದೇ ಪಾತ್ರ ಸಾಲುಗಟ್ಟಿ ಬಂದರೆ ಅವರೇನು ಮಾಡಬೇಕಿತ್ತು? ನಾವೂ ಸಿಳ್ಳೆ ಹೊಡೆದು ನೋಡಿದವರೇ ಅಲ್ವಾ.

ಹಿಂದಿನ ಸಾಲಿನವ: ನಾನು ಸಿಳ್ಳೆ ಹೊಡೆದಿಲ್ಲ.

ಬೆಣ್ಣೆದೋಸೆ: ಸರಿ ಬಿಡಿ, ನಾನು ಹೊಡೆದಿದ್ದೇನೆ.

ಕುಂದಾಪುರದ ಕೂಸು: ಇಬ್ಬರೂ ‘ಗುಲಾಬಿ ಟಾಕೀಸ್’ ಮರೆತಿರಾ? ವೈದೇಹಿಯವರ ಕಥೆ, ಕಾಸರವಳ್ಳಿ ನಿರ್ದೇಶನ. ಅದಕ್ಕೆ 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು ಉಮಾಶ್ರೀಯವರಿಗೆ. ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿ. ಅವಳ ಮನೆಗೆ ಟಿವಿ ಬರುತ್ತದೆ, ಕೇರಿಯ ಹೆಂಗಸರು ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಊರಿಗೆ ಅವಳು ಬೇಡವಾಗುತ್ತಾಳೆ. ಟಿವಿ ಮುಂದೆ ಮಗುವಿನ ಹಾಗೆ ಅರಳುವ ಆ ಮುಖ ನೋಡಿ. ನಗಿಸಿ ಗೊತ್ತಿಲ್ಲದವರಿಗೆ ಅದು ಬರುವುದಿಲ್ಲ.

ನೇಪಥ್ಯ: ಹವ್ಯಾಸಿ ತಂಡದಲ್ಲಿ ಇಪ್ಪತ್ತು ವರ್ಷ ಲೈಟಿಂಗ್ ಮಾಡಿದವನು ನಾನು. ಕಾಮಿಡಿಯನ್ನು ಕೀಳಾಗಿ ನೋಡಬೇಡಿ. ಸಾಕವ್ವನ ಬೈಗುಳಕ್ಕೂ ಜನ ನಗುತ್ತಾರೆ. ಒಂದು ಉಸಿರು ಆಚೀಚೆ ಆದರೆ ಆ ನಗು ಸತ್ತಿತು. ಆ ಟೈಮಿಂಗ್ ಎರಡೂ ಕಡೆ ಒಂದೇ. ನನ್ನ ಸಿಟ್ಟು ಬೇರೆ. ಅಷ್ಟು ವರ್ಷ ಅವರಿಗಾಗಿ ಒಂದು ಪಾತ್ರ ಬರೆಯಲು ನಮ್ಮವರಿಗೆ ಕೈ ಬರಲಿಲ್ಲ. ನಾಯಕಿಯ ಬಣ್ಣ, ಮೈಕಟ್ಟು ಹೀಗೇ ಇರಬೇಕು ಅಂತ ಹಟ.

ಹಿಂದಿನ ಸಾಲಿನವ: ನಾನು ಹೇಳಿದ್ದೂ ಅದನ್ನೇ!

ನೇಪಥ್ಯ: ಇಲ್ಲ, ನೀವು ಅವರಿಗಾಗಿ ಮರುಗಿದಿರಿ. ಅದು ಅವರಿಗೆ ಬೇಕಿಲ್ಲ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು. ಆಮೇಲೂ ‘ಶರ್ಮಿಷ್ಠೆ’ ನಾಟಕದಲ್ಲಿ ಒಬ್ಬರೇ ರಂಗದ ಮೇಲೆ ನಿಂತರು.

ಬೆಣ್ಣೆದೋಸೆ: ನಮ್ಮಮ್ಮನಿಗೆ ಇದ್ಯಾವುದೂ ಬೇಡ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ನೋಡಿ, ಮೆಸ್ ನಡೆಸುವ ಪುಟ್ಟಕ್ಕನೇ ಉಮಾಶ್ರೀ ಅಂದುಕೊಂಡಿದ್ದಾರೆ. ‘ಅನುಭವ’ದ ವಿಷಯ ನಾನಂತೂ ಹೇಳುವುದಿಲ್ಲಪ್ಪ.