ವ್ಯಕ್ತಿ ಟೇಬಲ್‌ಗೆ ಇನ್ಹೆರಿಟೆನ್ಸ್ ಬೇಕಾ, ಬೇಡ್ವಾ?

ಟೇಬಲ್_ತುಂಗಾ: ಕಾಲೇಜಿನ ಹಳೆಯ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಜಾವಾ, ಹೈಬರ್ನೇಟ್‌ನಲ್ಲಿ (ಟೇಬಲ್ ಸಾಲುಗಳನ್ನು ಜಾವಾ ಆಬ್ಜೆಕ್ಟ್‌ಗಳಾಗಿ ಕೊಡುವ ಸಾಧನ) ಕ್ಲಾಸ್‌ಗಳನ್ನು ಬರೆಯಬೇಕಿದೆ. ಟೇಬಲ್‌ಗಳು: ವ್ಯಕ್ತಿ, ವಿದ್ಯಾರ್ಥಿ, ಸಿಬ್ಬಂದಿ, ಕೋರ್ಸ್, ನೋಂದಣಿ. ವಿದ್ಯಾರ್ಥಿ, ಸಿಬ್ಬಂದಿ ಎರಡರಲ್ಲೂ ಪ್ರೈಮರಿ ಕೀಯೇ (ಸಾಲನ್ನು ಗುರುತಿಸುವ ಐಡಿ) ವ್ಯಕ್ತಿ ಟೇಬಲ್‌ಗೆ ಫಾರಿನ್ ಕೀ (ಆ ಟೇಬಲ್‌ನ ಸಾಲನ್ನು ತೋರಿಸುವ ಕೊಂಡಿ). ನೋಂದಣಿಯ ಕೀ ವಿದ್ಯಾರ್ಥಿ ಐಡಿ + ಕೋರ್ಸ್ ಐಡಿ. ಜೊತೆಗೆ ಸೆಮಿಸ್ಟರ್, ಗ್ರೇಡ್ ಕಾಲಮ್‌ಗಳಿವೆ.

ಮಲ್ನಾಡ್_ಜಾವಾ: ಇದು ಜಾಯಿನ್ಡ್ ಇನ್ಹೆರಿಟೆನ್ಸ್‌ಗೆ (ಪೇರೆಂಟ್, ಸಬ್‌ಕ್ಲಾಸ್‌ಗೆ ಬೇರೆ ಬೇರೆ ಟೇಬಲ್, ಒಂದೇ ಕೀಯಿಂದ ಜೋಡಣೆ) ಹೇಳಿ ಮಾಡಿಸಿದ ಸ್ಕೀಮಾ, ಅಂದರೆ ಟೇಬಲ್ ರಚನೆ. ವ್ಯಕ್ತಿ ಪೇರೆಂಟ್ ಕ್ಲಾಸ್, ಉಳಿದೆರಡು ಸಬ್‌ಕ್ಲಾಸ್. ಟೇಬಲ್ ಮುಟ್ಟೋದೇ ಬೇಡ.

ಧಾರವಾಡ_ಬ್ಯಾಕೆಂಡ್: ಗಡಿಬಿಡಿ ಬ್ಯಾಡ್ರಿ. ಮೊದಲು ವಿದ್ಯಾರ್ಥಿ, ಸಿಬ್ಬಂದಿ ಟೇಬಲ್ ಎರಡನ್ನೂ ಐಡಿ ಮೇಲೆ ಜಾಯಿನ್ ಮಾಡಿ ನೋಡ್ರಿ. ಪಿಎಚ್‌ಡಿ ಮಾಡ್ತಾ ಪಾಠ ಹೇಳೋರು ಎರಡೂ ಕಡೆ ಇರ್ತಾರೆ. ಅಂಥ ಒಂದು ಸಾಲು ಸಿಕ್ಕರೂ ಇನ್ಹೆರಿಟೆನ್ಸ್ ಮುಗೀತು: ಡಿಸ್ಕ್ರಿಮಿನೇಟರ್ (ಯಾವ ಸಬ್‌ಕ್ಲಾಸ್ ಅಂತ ಹೇಳೋ ಕಾಲಮ್) ಇಲ್ಲದಾಗ ಹೈಬರ್ನೇಟ್ ಕ್ವೆರಿಯಲ್ಲಿ ಕೇಸ್ ಷರತ್ತು ಹಾಕಿ ಒಂದೇ ಸಬ್‌ಕ್ಲಾಸ್ ಆರಿಸ್ತದ. ವ್ಯಕ್ತಿಗಳ ಪಟ್ಟಿ ತೆಗೆದಾಗ ಅವರ ಇನ್ನೊಂದು ಪಾತ್ರ ಕಾಣಂಗೇ ಇಲ್ಲ. ಓದು ಮುಗಿಸಿದ ವಿದ್ಯಾರ್ಥಿ ಸಿಬ್ಬಂದಿಯಾದರೆ ಜಾವಾ ಆಬ್ಜೆಕ್ಟ್ ತನ್ನ ಕ್ಲಾಸ್ ಬದಲಿಸಲಾರದು. ಕೈಯಾರೆ ಇನ್ಸರ್ಟ್ ಬರೀಬೇಕಾಗ್ತದ.

ಮಲ್ನಾಡ್_ಜಾವಾ: ಸರಿ, ಆದರೆ ಕಾಲೇಜು ಗ್ರಂಥಾಲಯದ ಕೋಡ್‌ಗೆ "ಯಾರಾದರೂ ವ್ಯಕ್ತಿ" ಬೇಕಲ್ವಾ? ಪುಸ್ತಕದ ಮಿತಿ ವಿದ್ಯಾರ್ಥಿಗೆ ಒಂದು, ಸಿಬ್ಬಂದಿಗೆ ಇನ್ನೊಂದು.

ಧಾರವಾಡ_ಬ್ಯಾಕೆಂಡ್: ಪುಸ್ತಕ ಎರವಲು ಪಡೆದ ದಾಖಲೆ ನೇರವಾಗಿ ವ್ಯಕ್ತಿಗೇ ಇರಲಿ. ಮಿತಿ ಪಾತ್ರದ್ದು, ಅದಕ್ಕೊಂದು ಇಂಟರ್‌ಫೇಸ್ ಸಾಕು. ವಿದ್ಯಾರ್ಥಿಯಿಂದ ವ್ಯಕ್ತಿಗೆ ಒನ್-ಟು-ಒನ್, ಮ್ಯಾಪ್ಸ್‌ಐಡಿ (ವ್ಯಕ್ತಿಯ ಕೀಯನ್ನೇ ವಿದ್ಯಾರ್ಥಿಗೂ ಬಳಸು ಅನ್ನೋ ಗುರುತು) ಜೊತೆ, ಲೇಜಿ (ಬೇಕಾದಾಗಷ್ಟೇ ತರೋದು). ಉಲ್ಟಾ ದಿಕ್ಕಿನ ಫೀಲ್ಡ್ ವ್ಯಕ್ತಿಯಲ್ಲಿ ಇಡಬ್ಯಾಡ್ರಿ. ಆ ಕಡೆ ಸಾಲು ಐತೋ ಇಲ್ಲೋ ತಿಳಿಯಾಕ ಹೈಬರ್ನೇಟ್ ಕ್ವೆರಿ ಮಾಡಲೇಬೇಕು, ಲೇಜಿ ಅಂತ ಬರೆದರೂ ಅಷ್ಟೇ. 100 ಜನರ ಪಟ್ಟಿ ತೆಗೆದರೆ ಎರಡು ಪಾತ್ರಕ್ಕೂ ಸೇರಿ 200 ಹೆಚ್ಚುವರಿ ಕ್ವೆರಿ.

ಕೀ_ಕಾವೇರಿ: ನೋಂದಣಿ ಬಗ್ಗೆ ಯಾರೂ ಮಾತಾಡಿಲ್ಲ, ಅಸಲಿ ತೊಂದರೆ ಅಲ್ಲಿದೆ. ಗ್ರೇಡ್ ಇರೋದರಿಂದ ಮೆನಿ-ಟು-ಮೆನಿ (ಎರಡು ಕೀ ಮಾತ್ರ ಇರೋ ನೇರ ಜೋಡಣೆ) ಆಗಲ್ಲ, ಅದಕ್ಕೆ ಅದರದೇ ಕ್ಲಾಸ್ ಬೇಕು. ಆದರೆ ಕೀಯಲ್ಲಿ ಸೆಮಿಸ್ಟರ್ ಇಲ್ಲ! ಫೇಲಾದವರು ಅದೇ ಕೋರ್ಸ್‌ಗೆ ಮತ್ತೆ ಸೇರಿದರೆ ಎರಡನೇ ಸಾಲು ಹಾಕೋಕೇ ಆಗಲ್ಲ. ಹಳೇ ಗ್ರೇಡ್ ಮೇಲೆ ಹೊಸದನ್ನು ಬರೀಬೇಕು. ಇದು ಸ್ಕೀಮಾದ ತಪ್ಪು, ಕ್ಲಾಸ್ ಬರೆದು ಮುಚ್ಚಬೇಡಿ. ಬೇರೆ ಐಡಿ ಕಾಲಮ್ ಸೇರಿಸಿ ಅದನ್ನೇ ಪ್ರೈಮರಿ ಕೀ ಮಾಡಿ, ವಿದ್ಯಾರ್ಥಿ ಐಡಿ, ಕೋರ್ಸ್ ಐಡಿ, ಸೆಮಿಸ್ಟರ್ ಮೂರಕ್ಕೂ ಸೇರಿಸಿ ಒಂದು ಯುನೀಕ್ ಹಾಕಿ. ವಿದ್ಯಾರ್ಥಿಗೆ, ಕೋರ್ಸ್‌ಗೆ ಹೋಗೋ ಎರಡು ಮೆನಿ-ಟು-ಒನ್‌ಗೂ ಲೇಜಿ ಅಂತ ಬರೆಯಿರಿ. ಜೆಪಿಎಯಲ್ಲಿ (ಹೈಬರ್ನೇಟ್ ಪಾಲಿಸೋ ಜಾವಾ ನಿಯಮಾವಳಿ) ಅದರ ಡಿಫಾಲ್ಟ್ ಈಗರ್, ಅಂದರೆ ತಕ್ಷಣ ತರೋದು.

ಟೇಬಲ್_ತುಂಗಾ: ಎರಡೇ ಕಾಲಮ್ ಇರೋ ವಿದ್ಯಾರ್ಥಿ-ಕ್ಲಬ್ ಟೇಬಲ್ ಕೂಡ ಇದೆ. ಅದು ಮೆನಿ-ಟು-ಮೆನಿ ಆಗಬಹುದಾ?

ಕೀ_ಕಾವೇರಿ: ಆಗುತ್ತೆ, ಆದರೆ ಲಿಸ್ಟ್ ಬೇಡ, ಸೆಟ್ ಬಳಸಿ. ಕ್ರಮದ ಕಾಲಮ್ ಇಲ್ಲದ ಲಿಸ್ಟ್ ಆದರೆ, 60 ಜನರ ಕ್ಲಬ್‌ನಿಂದ ಒಬ್ಬರನ್ನು ತೆಗೆದಾಗ ಹೈಬರ್ನೇಟ್ 60 ಸಾಲನ್ನೂ ಅಳಿಸಿ 59 ಮತ್ತೆ ಹಾಕುತ್ತೆ. ಸೆಟ್‌ನಲ್ಲಿ ಒಂದೇ ಡಿಲೀಟ್. ಈಕ್ವಲ್ಸ್, ಹ್ಯಾಶ್‌ಕೋಡ್ (ಆಬ್ಜೆಕ್ಟ್ ಹೋಲಿಸಿ ಹುಡುಕೋಕೆ ಸೆಟ್ ಬಳಸೋ ಮೆಥಡ್‌ಗಳು) ಮಾತ್ರ ರಿಜಿಸ್ಟರ್ ನಂಬರ್‌ನಂಥ ಬದಲಾಗದ ಫೀಲ್ಡ್ ಮೇಲೆ ಬರೆಯಿರಿ. ಸೇವ್ ಆದಮೇಲೆ ಸಿಗೋ ಐಡಿ ಮೇಲೆ ಬರೆದರೆ, ಮೊದಲೇ ಸೆಟ್‌ಗೆ ಹಾಕಿದ ಆಬ್ಜೆಕ್ಟ್ ಆಮೇಲೆ ಹುಡುಕಿದರೂ ಸಿಗಲ್ಲ.

ಮಲ್ನಾಡ್_ಜಾವಾ: ಜಾಯಿನ್ ಕ್ವೆರಿಯಲ್ಲಿ ಒಂದೂ ಸಾಲು ಬರದಿದ್ದರೆ, ಮುಂದೆಯೂ ಬರಬಾರದು ಅಂತ ಕಾಲೇಜಿನ ನಿಯಮ ಇದ್ದರೆ, ನನ್ನ ಆಯ್ಕೆ ಈಗಲೂ ಇನ್ಹೆರಿಟೆನ್ಸೇ. ನಿಯಮ ಇಲ್ಲದಿದ್ದರೆ ಧಾರವಾಡದವರು ಹೇಳಿದ ಹಾಗೆ ಮಾಡಿ.