ಬ್ಲೂಸ್ ಸಂಗೀತದಲ್ಲಿ ಬೇಸ್ ಕಲಿಯೋಕೆ ಮೊದಲು ಯಾರು ನುಡಿಸಿದ್ದು ಕೇಳ್ಬೇಕು?

ಎಲ್ರೂ ಗಿಟಾರ್ ಬಗ್ಗೇನೇ ಮಾತಾಡ್ತಾರೆ, ನಂಗೆ ಬೇಸ್ (ತಗ್ಗಿನ ಸ್ವರ ನುಡಿಸೋ ತಂತಿವಾದ್ಯ) ಇಷ್ಟ. ಯಾರಿಂದ ಶುರು ಮಾಡ್ಲಿ?

ಉತ್ತರ 1:
ವಿಲ್ಲಿ ಡಿಕ್ಸನ್, ಎರಡನೇ ಮಾತೇ ಇಲ್ಲ. 1915ರಲ್ಲಿ ಮಿಸಿಸಿಪ್ಪಿಲಿ ಹುಟ್ಟಿ ಆಮೇಲೆ ಶಿಕಾಗೋಗೆ ಬಂದು ಚೆಸ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿಲಿ ದೊಡ್ಡ ಅಪ್‌ರೈಟ್ ಬೇಸ್ (ನಿಲ್ಲಿಸಿ ನುಡಿಸೋದು) ನುಡಿಸ್ತಾ, ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್‌ರಂಥ ಬ್ಲೂಸ್ ಗಾಯಕರಿಗೆಲ್ಲ ಹಾಡೂ ಬರ್ಕೊಟ್ಟ ಮನುಷ್ಯ. ಅವ್ರ ಬೇಸ್‌ನಲ್ಲಿ ಸ್ವರಗಳು ಕಮ್ಮಿ, ಆದ್ರೆ ಇಡೀ ಹಾಡನ್ನ ಹೊತ್ಕೊಂಡು ಹೋಗುತ್ತೆ.

ಉತ್ತರ 2:
ಡಿಕ್ಸನ್ ಸರಿ, ಆದ್ರೆ ಎಲೆಕ್ಟ್ರಿಕ್ ಬೇಸ್ ಆದ್ರೆ ಜೆರ್ರಿ ಜೆಮ್ಮಾಟ್ ನುಡಿಸಿದ್ದು ಕೇಳಿ. ಬ್ಲೂಸ್ ಗಾಯಕ, ಗಿಟಾರಿಸ್ಟ್ ಬಿ.ಬಿ. ಕಿಂಗ್ 1969ರಲ್ಲಿ ರೆಕಾರ್ಡ್ ಮಾಡಿದ 'ದಿ ಥ್ರಿಲ್ ಈಸ್ ಗಾನ್' ಹಾಡಲ್ಲಿ ಬೇಸ್ ನುಡಿಸಿರೋದು ಜೆಮ್ಮಾಟೇ. ಗಿಟಾರ್ ಬಿಟ್ಟು ಬೇಸ್ ಮಾತ್ರ ಹಿಡ್ಕೊಂಡು ಕೇಳಿ, ಮೈ ಜುಮ್ ಅನ್ನುತ್ತೆ!

ಉತ್ತರ 3:
ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಜೊತೆ ಬೇಸ್ ನುಡಿಸ್ತಿದ್ದ ಟಾಮಿ ಶಾನನ್‌ನ ಮರೀಬೇಡಿ.