ಕಡಲಿನ ಬ್ಯಾಕ್ಟೀರಿಯಾ, ಶಿಲೀಂಧ್ರ ಜೊತೆಗೆ ಬೆಳೆಸಿದವರು ಅನುಭವ ಹೇಳ್ತೀರಾ?

ಧಾರವಾಡದ ವಿದ್ಯಾರ್ಥಿನಿ: ನಾನು ಮೈಕ್ರೋಬಯಾಲಜಿ ಎಂಎಸ್ಸಿ ಮಾಡುತ್ತಿದ್ದೇನೆ. ಕಾರವಾರದ ಕಡಲ ಕೆಸರಿನಿಂದ ಒಂದು ಶಿಲೀಂಧ್ರ, ಕೆಲವು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೇನೆ. ಒಂದೊಂದನ್ನೇ ಬೆಳೆಸಿದರೆ ಹೊಸ ರಾಸಾಯನಿಕ ಯಾವುದೂ ಸಿಗುತ್ತಿಲ್ಲ. ಒಂದೇ ಫ್ಲಾಸ್ಕಿಗೆ ಹಾಕಿದರೆ ಬ್ಯಾಕ್ಟೀರಿಯಾ ಶಿಲೀಂಧ್ರವನ್ನು ಬೆಳೆಯಲಿಕ್ಕೇ ಬಿಡುವುದಿಲ್ಲ. ಮಾಡಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ: ತಂಗಿ, ಶಿಲೀಂಧ್ರವನ್ನು ಮೊದಲು ಹಾಕು. ಅದರ ಸಣ್ಣ ಸಣ್ಣ ಉಂಡೆ ಕಾಣಿಸಿದ ಮೇಲೆ ಬ್ಯಾಕ್ಟೀರಿಯಾ ಸೇರಿಸು, ಅದೂ ಸ್ವಲ್ಪವೇ. ಫ್ಲಾಸ್ಕಿಗೆ ಹೋಗುವ ಮುಂಚೆ ಅಗರ್ ಪ್ಲೇಟಿನಲ್ಲಿ (ಜೆಲ್ಲಿಯಂಥ ಆಹಾರದ ತಟ್ಟೆ) ಎರಡನ್ನೂ ಎದುರುಬದುರು ಇಟ್ಟು ನೋಡು. ನಡುವೆ ಬಣ್ಣ ಬಂದರೆ ಆ ಜೋಡಿಯನ್ನು ಬಿಡಬೇಡ.

ಗದಗದಿಂದ: ನಿಮ್ಮ ದಾರಿ ಸರಿ ಇದೆ, ಧೈರ್ಯವಾಗಿ ಮುಂದುವರಿಸಿ. ಒಂಟಿಯಾಗಿ, ಹೊಟ್ಟೆ ತುಂಬ ಆಹಾರ ಕೊಟ್ಟು ಬೆಳೆಸಿದಾಗ ಸೂಕ್ಷ್ಮಜೀವಿಯ ಎಷ್ಟೋ ಜೀನ್‌ಗಳು ಸುಮ್ಮನೇ ಇರುತ್ತವೆ. ಪಕ್ಕದಲ್ಲಿ ಇನ್ನೊಂದು ಜೀವಿ ಬಂದಾಗ ಕೆಲವು ಕೆಲಸಕ್ಕೆ ಇಳಿಯುತ್ತವೆ. 2001ರಲ್ಲಿ ವರದಿಯಾದ ಪೆಸ್ಟಲೋನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಹೀಗೇ ಸಿಕ್ಕಿದ್ದು. ಕಡಲಿನ ಶಿಲೀಂಧ್ರವೂ ಬ್ಯಾಕ್ಟೀರಿಯಾವೂ ಕೂಡಿ ಬೆಳೆದಾಗ ಮಾತ್ರ ಅದು ಬಂತು. ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಮೇಲೆ ತುಂಬ ಚುರುಕು ಅಂತ ಆಗ ಹೇಳಿದ್ದರು. ಆಮೇಲೆ ಲ್ಯಾಬಿನಲ್ಲಿ ತಯಾರಿಸಿ ನೋಡಿದಾಗ ಅಷ್ಟು ಬಲ ಕಾಣಲಿಲ್ಲ. ಹಾಗಾಗಿ ಮೊದಲ ಫಲಿತಾಂಶವನ್ನೇ ನಂಬಿ ಕೂರಬೇಡಿ. ಹೊಸದೇ ಬರಬೇಕು ಅಂತಲೂ ಇಲ್ಲ, ಇರುವುದೇ ಜಾಸ್ತಿ ಆಗಬಹುದು. 2007ರಲ್ಲಿ ಸಾಲಿನಿಸ್ಪೊರಾ ಅರೆನಿಕೋಲಾ ಎಂಬ ಕಡಲ ಬ್ಯಾಕ್ಟೀರಿಯಾ ಜೊತೆ ಬೆಳೆಸಿದ ಎಮೆರಿಸೆಲ್ಲಾ ಶಿಲೀಂಧ್ರದಲ್ಲಿ ಎಮೆರಿಸೆಲ್ಲಮೈಡ್ ಎಂಬ ವಸ್ತು ಸುಮಾರು 100 ಪಟ್ಟು ಹೆಚ್ಚಿತು. ಅಷ್ಟು ಸಿಕ್ಕರೆ ಶುದ್ಧ ಮಾಡಿ ರಚನೆ ಹುಡುಕುವುದು ಎಷ್ಟು ಸಲೀಸು, ಅಲ್ವಾ?

ಹಾವೇರಿಯಿಂದ: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಪ್ರತಿ ಸಲವೂ ನಾಲ್ಕು ಫ್ಲಾಸ್ಕ್ ಇಡಬೇಕು ನೋಡ್ರಿ: ಶಿಲೀಂಧ್ರ ಮಾತ್ರ, ಬ್ಯಾಕ್ಟೀರಿಯಾ ಮಾತ್ರ, ಎರಡೂ ಸೇರಿದ್ದು, ಬರೀ ಮೀಡಿಯಾ (ಬೆಳೆಸುವ ಆಹಾರದ ದ್ರವ). ಎಲ್ಲವನ್ನೂ ಒಂದೇ ದಿನ ಈಥೈಲ್ ಅಸಿಟೇಟ್ ದ್ರಾವಕದಲ್ಲಿ ತೆಗೆದು ಎಲ್‌ಸಿ-ಎಂಎಸ್‌ಗೆ (ವಸ್ತುಗಳನ್ನು ಬೇರ್ಪಡಿಸಿ ಅಣುವಿನ ತೂಕ ಹೇಳುವ ಯಂತ್ರ) ಕೊಡಿ. ಗ್ರಾಫಿನಲ್ಲಿ ಒಂದೊಂದು ವಸ್ತು ಒಂದೊಂದು ಪೀಕ್ (ಏರು) ಆಗಿ ಕಾಣುತ್ತದೆ, ಜೋಡಿಯಲ್ಲಿ ಮಾತ್ರ ಇರುವ ಪೀಕ್ ಮೇಲೆ ಕಣ್ಣಿಡಿ. ಆ ತೂಕದ ವಸ್ತು ಆಗಲೇ ಗೊತ್ತಿರುವುದೇ ಅಂತ ಡೇಟಾಬೇಸಿನಲ್ಲಿ ನೋಡಿ. ಒಂದು ಜೀವಿ ಮಾಡಿದ್ದನ್ನು ಇನ್ನೊಂದು ಅರ್ಧ ಜೀರ್ಣಿಸಿ ಹೊಸ ಪೀಕ್ ಬಂದಿರಲೂಬಹುದು. ಮೀಡಿಯಾಕ್ಕೆ ಸಮುದ್ರದ ಉಪ್ಪು ಹಾಕುವುದನ್ನು ಮರೆಯಬೇಡಿ.

ಧಾರವಾಡದ ವಿದ್ಯಾರ್ಥಿನಿ: ಬರೀ ಮೀಡಿಯಾ ಫ್ಲಾಸ್ಕ್ ನಾನು ಇಟ್ಟಿರಲಿಲ್ಲ, ಸೋಮವಾರವೇ ಇಡುತ್ತೇನೆ. ಎರಡೂ ಜೀವಿಗಳು ಮುಟ್ಟಿಕೊಂಡೇ ಇರಬೇಕಾ?

ಹಾವೇರಿಯಿಂದ: ಕೆಲವು ಜೋಡಿಗೆ ಬೇಕು, ಕೆಲವಕ್ಕೆ ಬೇಡ. ನಡುವೆ ಸಣ್ಣ ರಂಧ್ರದ ಪೊರೆ ಇಟ್ಟು ಬೆಳೆಸಿ. ಪೀಕ್ ಹಾಗೇ ಬಂದರೆ ಕರಗಿದ ಯಾವುದೋ ವಸ್ತುವೇ ಸೂಚನೆ ಕೊಡುತ್ತಿದೆ ಅಂತ ತಿಳಿಯುತ್ತದೆ. ಪೊರೆಯ ಯಾವ ಕಡೆ ಜಾಸ್ತಿ ಇದೆ ಅಂತಲೂ ನೋಡಿ, ಆ ವಸ್ತು ಮಾಡಿದ ಜೀವಿ ಯಾವುದು ಅನ್ನುವ ಸುಳಿವು ಅಲ್ಲೇ ಸಿಗಬಹುದು.